ಪಾರಂಪರಿಕ ಧೂಳು ಮತ್ತು ಆರುನೂರು ಕೋಟು

ಮದ್ದೂರು ಪೇಟೆಯ ಸಮವಸ್ತ್ರ ವ್ಯಾಪಾರಿ ನಯಾಜ್ ಪಾಷಾ ಅವರು ಆರುನೂರು ಮೋಟಾರು ಕೋಟು, ಆರುನೂರು ಕಿವಿ ಮುಚ್ಚುವ ಟೋಪಿ, ಆರುನೂರು ಜೊತೆ ಉದ್ದ ಕೈಗವಸು ಹಾಗೂ ಅಷ್ಟೇ ಸಂಖ್ಯೆಯ ಧೂಳುಗನ್ನಡಕಗಳನ್ನು ಹದಿನೇಳು ಲಕ್ಷದ ನಲವತ್ತು ಸಾವಿರ ರೂಪಾಯಿಗೆ ಸರಬರಾಜು ಮಾಡತಕ್ಕದ್ದೆಂದು ಸಾರಥಿ ವಸ್ತ್ರ ಪರಂಪರಾ ಪ್ರಾಧಿಕಾರವು ಆದೇಶ ಹೊರಡಿಸಿತು. ಆದೇಶದ ಕೊನೆಯ ಸಾಲು ಹೀಗಿತ್ತು: “ಒಪ್ಪಿಗೆಯಾಗದ ಸರಕನ್ನು ಸರಬರಾಜುದಾರನು ತಕರಾರಿಲ್ಲದೆ ಸ್ವಂತ ಉಪಯೋಗಕ್ಕೆ ಬಳಸಿಕೊಳ್ಳತಕ್ಕದ್ದು.”

ನಯಾಜ್ ಪಾಷಾ ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದವರು. ಯಾವ ಕಾಗದವನ್ನೂ ಅವರು ಕೊನೆಯ ಸಾಲಿನಿಂದಲೇ ಓದಲು ಶುರು ಮಾಡುತ್ತಿದ್ದರು. ಓದಿ, ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಹೆಂಡತಿ ರಹೀಮುನ್ನೀಸಾ ಕೈಗೆ ಕೊಟ್ಟರು.

“ಅಜೀ, ದಿನಕ್ಕೊಂದು ಹಾಕ್ಕೊಂಡ್ರೂ ಎರಡು ವರ್ಷ ಹತ್ರ ಬೇಕು ನಿಮಗೆ,” ಅಂದರು ಆಕೆ. “ಟೋಪಿ ಬೇರೆ.”

“ಒಪ್ಪಿಗೆ ಆಗುತ್ತೆ.”

“ಆಗದಿದ್ರೆ?”

“ಆಗದಿದ್ರೆ ಚಳಿ ಜಾಸ್ತಿ ಇರೋ ಊರಿಗೆ ಮನೆ ಬದಲಾಯಿಸೋಣ.”

ಪ್ರಾಧಿಕಾರ ಹುಟ್ಟಿದ್ದಕ್ಕೆ ಸಕಾರಣವಿತ್ತು. ಹೊಸ ಹೆದ್ದಾರಿಯಾದ ಮೇಲೆ ಬೆಂಗಳೂರಿನ ಕಾರುಗಳು ಮಂಡ್ಯವನ್ನೂ ಮದ್ದೂರನ್ನೂ ದೂರದಿಂದಲೇ ನೋಡಿಕೊಂಡು ಮೈಸೂರು ಸೇರುತ್ತಿದ್ದವು. ಮಳವಳ್ಳಿಯನ್ನಂತೂ ನೋಡುತ್ತಲೂ ಇರಲಿಲ್ಲ. ಅವುಗಳನ್ನು ಕೆಳಗಿಳಿಸುವುದು ಹೇಗೆ ಎಂದು ಸಭೆಯಾಯಿತು. ಪ್ರಾಧಿಕಾರದ ವಿಶೇಷಾಧಿಕಾರಿಯಾಗಿ ಬಂದ ಅಶೋಕ್ ಅವರು ಒಂದು ಹಳೇ ಫೋಟೋ ತೋರಿಸಿದರು. ಅದರಲ್ಲಿ ಒಂದು ಮೋಟಾರು, ಅದರೊಳಗೊಬ್ಬ ಡ್ರೈವರು, ಸುತ್ತ ಇಡೀ ಊರು. ಆಗಿನ ಮೋಟಾರಿಗೆ ಮುಂದೆ ಗಾಜಿರಲಿಲ್ಲ, ಮೇಲೆ ಸೂರಿರಲಿಲ್ಲ. ಓಡಿಸುವವನು ಇನ್ನೊಂದು ಊರು ಮುಟ್ಟುವ ಹೊತ್ತಿಗೆ ಅರ್ಧ ರಸ್ತೆ ಅವನ ಮೈಮೇಲೆ ಇರುತ್ತಿತ್ತು. ಅದಕ್ಕೇ ಹಿಮ್ಮಡಿ ಮುಟ್ಟುವ ಕೋಟು, ಎರಡು ಸಾಲು ಗುಂಡಿ, ಮೊಳಕೈವರೆಗಿನ ಕೈಗವಸು, ಕಣ್ಣಿನ ಸುತ್ತ ಚರ್ಮ ಕಟ್ಟಿದ ಕನ್ನಡಕ. ಫೋಟೋದಲ್ಲಿದ್ದ ಜನ ನೋಡುತ್ತಿದ್ದುದು ಮೋಟಾರನ್ನಲ್ಲ, ಡ್ರೈವರನ್ನು ಎಂಬುದು ಅಶೋಕ್ ಅವರ ಸಂಶೋಧನೆ. ಆದ್ದರಿಂದ ಕೊತ್ತತ್ತಿ ಕಡೆಯಿಂದ ಹೊರಟು, ಮದ್ದೂರು ತಾಲ್ಲೂಕಿನ ಅಂಚು ಸವರಿ, ಮಳವಳ್ಳಿ ರಸ್ತೆಗೆ ಕೂಡುವ ಹಳೇ ಮೋಟಾರು ದಾರಿಯಲ್ಲಿ ಓಡುವ ಎಲ್ಲ ಆಟೋ, ಟೆಂಪೋ, ಟ್ರ್ಯಾಕ್ಟರು ಚಾಲಕರೂ ಪುರಾತನ ಸಾರಥಿ ವಸ್ತ್ರ ಧರಿಸತಕ್ಕದ್ದೆಂದು ತೀರ್ಮಾನವಾಯಿತು. ಪ್ರವಾಸಿಗರು ತಾವಾಗಿಯೇ ಇಳಿದು ಬರುವರೆಂದು ನಡಾವಳಿಯಲ್ಲಿ ದಾಖಲಾಯಿತು.

ಸಮಸ್ಯೆ ಬಣ್ಣದಿಂದ ಶುರುವಾಯಿತು. ಹಿಂದಿನವರು ಧೂಳು ಕಾಣದಿರಲೆಂದು ಕೋಟಿಗೆ ಧೂಳಿನದೇ ಬಣ್ಣ ಹಾಕಿಸುತ್ತಿದ್ದರಂತೆ. ಹಾಗಾಗಿ ಷರತ್ತಿನಲ್ಲಿ “ಸ್ಥಳೀಯ ಧೂಳಿನ ಬಣ್ಣ” ಎಂದಿತ್ತು.

“ಸ್ಥಳೀಯ ಅಂದ್ರೆ ಯಾವ್ದು ಸಾರ್?” ಎಂದು ನಯಾಜ್ ಪಾಷಾ ಕಚೇರಿಗೆ ಹೋಗಿ ಕೇಳಿದರು. “ಮಂಡ್ಯದ ಧೂಳೊಂದು ಬಣ್ಣ, ಮಳವಳ್ಳಿದೊಂದು ಬಣ್ಣ. ನಮ್ಮ ಮದ್ದೂರಿಂದು ಒಂದೊಂದು ಬೀದಿಗೊಂದು.”

“ಯೋಜನೆ ಯಾವ ರಸ್ತೆಗೋ ಆ ರಸ್ತೆದೇ ಧೂಳು, ಪಾಷಾರೇ,” ಎಂದ ಅಶೋಕ್, ಅಲ್ಲೇ ಜೀಪು ತರಿಸಿದರು.

ಹಳೇ ಮೋಟಾರು ದಾರಿಯಲ್ಲಿ ಜೀಪು ನಿಂತ ಮೇಲೂ ಅದರ ಧೂಳು ಸ್ವಲ್ಪ ಹೊತ್ತು ಮುಂದೆ ಹೋಯಿತು. ರಸ್ತೆಯ ಅಂಚಿನಲ್ಲಿ ತರಕಾರಿ ಆಟೋ ನಿಲ್ಲಿಸಿಕೊಂಡು ಬೀಡಿ ಹಚ್ಚಿದ್ದ ಕೊತ್ತತ್ತಿ ಕಡೆಯ ಕೆಂಪಯ್ಯ, ಅಧಿಕಾರಿಯೊಬ್ಬರು ಕುಕ್ಕರಗಾಲಲ್ಲಿ ಕೂತು ಚಮಚದಿಂದ ಧೂಳನ್ನು ಟಿಫಿನ್ ಡಬ್ಬಿಗೆ ತುಂಬುವುದನ್ನು ನೋಡಿದ. ಆ ದಾರಿಯ ಆಟೋದವರ ಸಂಘಕ್ಕೆ ಅವನೇ ಅಧ್ಯಕ್ಷ.

“ಎಷ್ಟ್ ಬೇಕಿತ್ತು ಸಾ? ಮಕ್ರಿ ತಂದ್ಕೊಡ್ಲಾ?”

“ಮಾದರಿಗೆ ಸಾಕಪ್ಪ.”

“ನಾಚ್ಕೋಬ್ಯಾಡಿ. ಇಲ್ಲಿ ಅದ್ಕೇನ್ ಬರ ಇಲ್ಲ. ನಮ್ಮೆಂಗಸ್ರು ದಿನಾ ಮನೆಯಿಂದ ಎರ್ಡ್ ಮಕ್ರಿ ಆಚ್ಗೆ ಆಕ್ತಾರೆ, ಸಂಜೀಕ್ ಅದೇ ವಾಪಸ್ ಬತ್ತದೆ.”

ಡಬ್ಬಿಗೆ ಅರಗು ಹಾಕಿ ಮೊಹರು ಮಾಡಲಾಯಿತು. ಸಾಕ್ಷಿಯಾಗಿ ಕೆಂಪಯ್ಯನ ಸಹಿಯೂ ಬಿತ್ತು. ಬಣ್ಣದವನಿಗೆ ನಯಾಜ್ ಪಾಷಾ ಬೇರೆಯಾಗಿ ಕಟ್ಟಿ ತಂದಿದ್ದ ಒಂದು ಚಿಟಿಕೆ ತೋರಿಸಿದರು. ಅವನು ಮೂರು ಸಲ ಅದ್ದಿ, ನಾಲ್ಕನೇ ಸಲಕ್ಕೆ ಸರಿಯಾಗಿ ಆ ರಸ್ತೆಯನ್ನೇ ಬಟ್ಟೆಗೆ ಇಳಿಸಿಕೊಟ್ಟ.

ಹೊಲಿಗೆಯಲ್ಲಿ ಒಂದು ಸಣ್ಣ ವ್ಯತ್ಯಾಸವಾಯಿತು. ನಯಾಜ್ ಪಾಷಾ ಅವರ ಅಂಗಡಿ ಶುರುವಾದಾಗಿನಿಂದ ಅಲ್ಲಿ ಹೊಲಿದಿದ್ದೆಲ್ಲ ಸ್ಕೂಲ್ ಯೂನಿಫಾರಂ. ಜೂನ್‌ನಲ್ಲಿ ಹೊಲಿದಿದ್ದು ಮುಂದಿನ ಜೂನ್‌ವರೆಗೂ ಆಗಬೇಕು ಎಂದು ಅಪ್ಪ ಅಮ್ಮಂದಿರು ಹೇಳುವುದರಿಂದ ಪ್ರತಿ ಬಟ್ಟೆಗೂ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ ಬೆಳವಣಿಗೆಗೆಂದು ಬಿಡುವುದು ಅಲ್ಲಿನ ರೂಢಿ. ಟೈಲರುಗಳ ಕೈ ಅದೇ ಅಳತೆಗೆ ಕೂತುಬಿಟ್ಟಿತ್ತು. ಆರುನೂರು ಕೋಟುಗಳೂ ಚಾಲಕರು ಇನ್ನೊಂದು ವರ್ಷ ಬೆಳೆಯುವರೆಂಬ ಭರವಸೆಯಲ್ಲಿ ತಯಾರಾದವು.

ಅಶೋಕ್ ಒಂದನ್ನು ಹಾಕಿಕೊಂಡು ನೋಡಿದರು. ಕೋಟು ಅವರಿಗಿಂತ ಮುಂಚೆ ನೆಲ ಮುಟ್ಟಿತು.

“ಎಳೀತಾ ಇದೆಯಲ್ಲ ಪಾಷಾರೇ.”

“ಯೂನಿಫಾರಂ ಅಂದ್ಮೇಲೆ ಬೆಳೆಯೋಕೆ ಜಾಗ ಬಿಡ್ಲೇಬೇಕಲ್ಲ ಸಾರ್.”

“ಇವರಿಗೆ ನಲವತ್ತು, ಐವತ್ತು ವರ್ಷ ಆಗಿದೆ.”

“ಬೆಳೆಯೋದಿಲ್ಲ ಅಂತ ನಾವೇ ಹೇಳಿಬಿಟ್ರೆ ಹೆಂಗೆ ಸಾರ್. ಅವರಿಗೂ ಒಂದು ಆಸೆ ಇರುತ್ತೆ.”

ಅಶೋಕ್ ಯೋಚಿಸಿದರು. ಫೋಟೋದಲ್ಲಿದ್ದ ಡ್ರೈವರನ ಪಾದ ಕಾಣುತ್ತಿರಲಿಲ್ಲ. ಆದ್ದರಿಂದ ಕೋಟು ಇತಿಹಾಸಕ್ಕೆ ಹತ್ತಿರವಿದೆ ಎಂದು ಬರೆದು ಕಡತವನ್ನು ಲೆಕ್ಕ ತಪಾಸಣೆಗೆ ಕಳಿಸಿದರು.

ಲೆಕ್ಕ ತಪಾಸಕಿ ಕುಸುಮ ಅವರು ಯಾರ ಮೇಲೂ ದ್ವೇಷ ಇಲ್ಲದ ಹೆಂಗಸು. ಅವರಿಗೆ ಬೇಕಾಗಿದ್ದು ಒಂದೇ, ಒಂದು ಕಾಗದ ಇನ್ನೊಂದು ಕಾಗದದ ಜೊತೆ ಜಗಳವಾಡಬಾರದು. ಕಡತ ಬಂದ ವಾರಕ್ಕೆ ಅವರು ನಯಾಜ್ ಪಾಷಾರನ್ನೂ ಅಶೋಕ್ ಅವರನ್ನೂ ಕರೆಸಿದರು. ಮೇಜಿನ ಮೇಲೆ ಮೊಹರಾದ ಟಿಫಿನ್ ಡಬ್ಬಿ ಇತ್ತು.

“ಈ ಧೂಳು ಎಲ್ಲಿದು?”

“ಹಳೇ ಮೋಟಾರು ದಾರಿದು ಮೇಡಂ. ಸಾಕ್ಷಿ ಸಮೇತ,” ಅಂದರು ಅಶೋಕ್, ಸ್ವಲ್ಪ ಹೆಮ್ಮೆಯಿಂದಲೇ.

“ಆ ರಸ್ತೆಗೆ ಹೋದ ವರ್ಷ ಪೂರ್ತಿ ಡಾಂಬರು ಹಾಕಿ ಆಗಿದೆ. ಎರಡು ಪದರ. ಬಿಲ್ಲೂ ಆಗಿದೆ. ಡಾಂಬರು ರಸ್ತೆಯಲ್ಲಿ ಧೂಳು ಹೇಗೆ ಬರುತ್ತೆ?”

ಇಬ್ಬರೂ ಡಬ್ಬಿಯನ್ನೇ ನೋಡಿದರು.

“ಧೂಳು ಇಲ್ಲ ಅಂದ್ರೆ ಧೂಳಿನ ಕೋಟು ಅನಗತ್ಯ ಖರ್ಚು. ಒಪ್ಪಿಗೆ ಕೊಡೋಕಾಗಲ್ಲ. ಧೂಳು ಇದೆ ಅಂದ್ರೆ ರಸ್ತೆ ಆಗಿಲ್ಲ ಅಂತಾಗುತ್ತೆ. ಹಾಗೆ ಹೇಳೋಕೆ ನನಗೆ ಕಾಗದ ಇಲ್ಲ. ನೀವಿಬ್ಬರೂ ತೀರ್ಮಾನ ಮಾಡ್ಕೊಂಡು ಬನ್ನಿ.”

ಅಂದು ಸಂಜೆಯಿಂದ ಆರುನೂರು ಕೋಟುಗಳು ನಯಾಜ್ ಪಾಷಾರ ಗೋಡೌನಿನಲ್ಲಿ ಸೂರು ಮುಟ್ಟಿಕೊಂಡು ಕೂತವು. ಬಟ್ಟೆಯವನಿಗೆ, ಬಣ್ಣದವನಿಗೆ, ಟೈಲರುಗಳಿಗೆ ಕೊಟ್ಟಾಗಿತ್ತು. ಶಾಲೆಗಳು ತೆರೆಯುವ ಕಾಲ ಬೇರೆ ಹತ್ತಿರ ಬಂದಿತ್ತು. ಗೋಡೌನು ಖಾಲಿಯಾಗದೆ, ಕೈಗೆ ಬಂಡವಾಳ ಬಾರದೆ, ಈ ಸಲದ ಯೂನಿಫಾರಂ ಬಟ್ಟೆ ತರಿಸುವ ದಾರಿಯೇ ಇರಲಿಲ್ಲ. ಆ ಒಂದು ತಿಂಗಳ ವ್ಯಾಪಾರ ತಪ್ಪಿದರೆ ಅಂಗಡಿಗೆ ಬೀಗ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ರಹೀಮುನ್ನೀಸಾ ಹೇಳದೆಯೇ ತಿಳಿದುಕೊಂಡು ಒಂದು ಕೋಟು ತಂದು ಗೂಟಕ್ಕೆ ನೇತುಹಾಕಿದರು.

“ಇದೇನು?”

“ಸ್ವಂತ ಉಪಯೋಗ. ಅಭ್ಯಾಸ ಆಗ್ಲಿ.”

ಮಾರನೆಯ ದಿನ ನಯಾಜ್ ಪಾಷಾ ಆ ರಸ್ತೆಯ ಗುತ್ತಿಗೆದಾರ ಯತೀಶನನ್ನು ಹುಡುಕಿಕೊಂಡು ಸೋಮನಹಳ್ಳಿಗೆ ಹೋದರು. ಯತೀಶ ಟೀ ತರಿಸಿದ, ಬಿಸ್ಕತ್ತು ತರಿಸಿದ, ಫ್ಯಾನು ಅವರ ಕಡೆ ತಿರುಗಿಸಿದ.

“ಯತೀಶಪ್ಪ, ಆ ರಸ್ತೆಗೆ ಡಾಂಬರು ಹಾಕಿದೀಯಾ?”

“ಆಕಿದೀನಿ ಕಣಣ್ಣ. ಕಾಣ್ಸಲ್ಲ ಅಷ್ಟೇಯ.”

“ಎಲ್ಲೈತೆ?”

“ಕೆಳೀಕೈತೆ.”

“ಎಷ್ಟು ಕೆಳಗೆ?”

“ಅದು ಅಗೆದ್ ನೋಡ್ಬೇಕು. ಅಗೆದ್ರೆ ರಸ್ತೆ ಆಳಾಯ್ತದೆ. ಅದ್ಕೆ ಪರ್ಮಿಸನ್ ಬೇಕು.”

ನಯಾಜ್ ಪಾಷಾ ಟೀ ಮುಗಿಸಿದರು. ಯತೀಶನ ಮೇಲೆ ಅವರಿಗೆ ಕೋಪವೇನೂ ಬರಲಿಲ್ಲ. ಅವನೂ ಸರಬರಾಜುದಾರನೇ, ಅವನ ಸರಕು ಒಪ್ಪಿಗೆಯಾಗಿತ್ತು, ತಮ್ಮದು ಆಗಿರಲಿಲ್ಲ, ಇಷ್ಟೇ ವ್ಯತ್ಯಾಸ. ಕಣ್ಣಿಗೆ ಕಾಣುವ ಕೋಟು ಗೋಡೌನಿನಲ್ಲಿ ಕೂತಿದೆ, ಕಾಣದ ಡಾಂಬರು ರಸ್ತೆಗೆ ಹೋಗಿ ಮಲಗಿದೆ. ಈ ಮಾತನ್ನು ತಲೆಯಲ್ಲಿ ತಿರುಗಿಸುತ್ತಾ ಊರಿಗೆ ಬಂದವರು ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಒಳಗೆ ಸಾಲಾಗಿ ತೂಗುತ್ತಿದ್ದ ಮಾದರಿ ಅಂಗಿಗಳ ಮೇಲೆಲ್ಲ ಪ್ಲಾಸ್ಟಿಕ್ ಹೊದಿಕೆ ಇತ್ತು.

ಮುಂದಿನ ಸಭೆಗೆ ಯತೀಶನನ್ನೂ ಕರೆಸಬೇಕೆಂದು ಅವರೇ ಕೇಳಿಕೊಂಡರು.

“ಮೇಡಂ,” ಎಂದು ಶುರು ಮಾಡಿದರು ನಯಾಜ್ ಪಾಷಾ, “ರಸ್ತೆಗೆ ಡಾಂಬರು ಆಗಿದೆ. ಅದರಲ್ಲಿ ನಂದೇನೂ ತಕರಾರಿಲ್ಲ.”

ಯತೀಶ ಕುರ್ಚಿಯಲ್ಲಿ ಸ್ವಲ್ಪ ಸಡಿಲವಾದ.

“ಧೂಳೂ ಇದೆ. ಮೊಹರು ಆಗಿದೆ. ಎರಡಕ್ಕೂ ಕಾಗದ ಇದೆ ಅಂದ್ಮೇಲೆ ಎರಡೂ ಇರ್ಲೇಬೇಕಲ್ವಾ? ನಮ್ಮಂಗಡೀಲಿ ಒಳ್ಳೇ ಬಟ್ಟೆ ಮೇಲೆ ಪ್ಲಾಸ್ಟಿಕ್ ಕವರ್ ಹಾಕ್ತೀವಿ, ಬಟ್ಟೆ ಹಾಳಾಗ್ದಿರ್ಲಿ ಅಂತ. ಹಂಗೇ ಒಳ್ಳೇ ಡಾಂಬರು ಹಾಳಾಗ್ದಿರ್ಲಿ ಅಂತ ಇವರು ಮೇಲೆ ಧೂಳು ಹೊದಿಸಿರ್ತಾರೆ.”

“ಹೌದಾ?” ಎಂದು ಕುಸುಮ ಯತೀಶನನ್ನು ಕೇಳಿದರು.

“ನಾನೇ ಏಳೋಣ ಅಂತಿದ್ದೆ ಮೇಡಂ,” ಅಂದ ಯತೀಶ. “ಸ್ವಂತ ಬಾಯಲ್ಲಿ ಯಂಗ್ ಏಳ್ಕೊಳ್ಳದು ಅಂತ ಸುಮ್ನಿದ್ದೆ.”

“ಆ ಧೂಳು ಎಲ್ಲಿಂದ ತಂದಿದ್ದು?”

ಉತ್ತರ ಕೊಟ್ಟವರು ಅಶೋಕ್. ಅವರ ಮುಖ ಆ ಫೋಟೋ ಮೊದಲ ಸಲ ಸಿಕ್ಕಿದ ದಿನ ಹೇಗಿತ್ತೋ ಹಾಗಾಗಿತ್ತು. “ಅಲ್ಲಿದೇ ಧೂಳು ಮೇಡಂ. ಮೊದಲ ಮೋಟಾರು ಓಡಿದಾಗ ಎದ್ದಿದ್ದು. ತೆಗೆದಿಟ್ಟು, ಕೆಳಗೆ ಡಾಂಬರು ಹಾಕಿ, ಮತ್ತೆ ಅದನ್ನೇ ಮೇಲೆ ಹಾಸಿದ್ದಾರೆ. ಇದು ಸಂರಕ್ಷಣೆ.”

ಕುಸುಮ ಮೂವರ ಮುಖವನ್ನೂ ನೋಡಿದರು, ಎರಡು ಕಾಗದವನ್ನೂ ನೋಡಿದರು. ಕಾಗದಗಳು ಜಗಳ ನಿಲ್ಲಿಸಿದ್ದವು. “ಇದಕ್ಕೊಂದು ಹೆಸರು ಕೊಡಿ, ಸಹಿ ಹಾಕ್ತೀನಿ,” ಅಂದರು.

ಹತ್ತು ದಿನದಲ್ಲಿ ಪ್ರಕಟಣೆ ಹೊರಬಿತ್ತು.

“ಹಳೇ ಮೋಟಾರು ದಾರಿಯ ಡಾಂಬರಿನ ಮೇಲಿರುವ ಧೂಳನ್ನು ಈ ಮೂಲಕ ಪಾರಂಪರಿಕ ಧೂಳು ಎಂದು ಘೋಷಿಸಲಾಗಿದೆ. ಸದರಿ ಧೂಳನ್ನು ಗುಡಿಸುವುದು, ನೀರು ಚಿಮುಕಿಸುವುದು, ಅನುಮತಿಯಿಲ್ಲದೆ ಸೀನಿ ಚದುರಿಸುವುದು ನಿಷಿದ್ಧ. ಸಾರಥಿ ವಸ್ತ್ರವಿಲ್ಲದೆ ಸದರಿ ಧೂಳಿನಲ್ಲಿ ಸಂಚರಿಸುವುದು ಪರಂಪರೆಗೆ ಮಾಡಿದ ಅಗೌರವವೆಂದು ಪರಿಗಣಿಸಲಾಗುವುದು. ಮಳೆಗಾಲದಲ್ಲಿ ಸದರಿ ಧೂಳು ಕೆಸರಿನ ರೂಪದಲ್ಲಿರುವುದರಿಂದ ಸಾರ್ವಜನಿಕರು ಗೊಂದಲಕ್ಕೊಳಗಾಗಬಾರದು.”

ಕೋಟುಗಳು ಒಪ್ಪಿಗೆಯಾದವು. ಗೋಡೌನು ಖಾಲಿಯಾದ ದಿನವೇ ಯೂನಿಫಾರಂ ಬಟ್ಟೆಯ ಲಾರಿ ಬಂದು ನಿಂತಿತು. ಗೂಟದಲ್ಲಿದ್ದ ಕೋಟನ್ನೂ ನಯಾಜ್ ಪಾಷಾ ಬಿಡದೆ ಎಣಿಕೆಗೆ ಸೇರಿಸಿ ಕಳಿಸಿದರು.

ಹಂಚಿಕೆಯ ದಿನ ಕೆಂಪಯ್ಯ ಸಂಘದ ಪರವಾಗಿ ಎದ್ದು ನಿಂತ. “ಸಾವ್ಕಾರ್ರೆ, ಈ ಕ್ವಾಟ್ ಆಕ್ಕಂಡ್ ಆಟೋ ಓಡ್ಸದು ಯಂಗೆ? ಕ್ಲಚ್ ಇಡುದ್ರೆ ಕೈಗವಸು ಸಿಕ್ಕಾಕತ್ತದೆ. ಆರನ್ ಒಡುದ್ರೆ ನಂಗೇ ಕೇಳ್ಸಾಕಿಲ್ಲ, ಕಿವಿಗ್ ಟೋಪಿ.”

“ಹಿಂದಿನವರು ಓಡಿಸ್ತಾ ಇರಲಿಲ್ವಾ?” ಅಂದರು ಅಶೋಕ್.

“ಅವ್ರು ಟಮಾಟೆ ಒತ್ಕಂಡ್ ಓಯ್ತಿದ್ರಾ ಸಾ, ಬೆಳಿಗ್ಗೆ ಐದಕ್ಕೆ ಮಾರ್ಕೆಟ್ಗೆ?”

ಇದಕ್ಕೆ ಫೋಟೋದಲ್ಲಿ ಉತ್ತರವಿರಲಿಲ್ಲ. ಆದರೂ ಕೋಟು ಬಿಟ್ಟಿ ಎಂದು ತಿಳಿದ ಮೇಲೆ ಕೆಂಪಯ್ಯ ಹಾಕಿಕೊಂಡ. ಅವತ್ತು ಸಂಜೆ ಮನೆಗೆ ಹೋದಾಗ ಅವನ ಹೆಂಡತಿ ಅಂಕಮ್ಮ ಬಾಗಿಲಲ್ಲೇ ತಡೆದಳು.

“ಅವ್ರು ಮನೇಲಿಲ್ಲ, ಅಳ್ಳೀಗ್ ಓಗವ್ರೆ. ಮುಂದಿನ ವಾರ ಬನ್ನಿ.”

“ನಾನು ಕಣಮ್ಮಿ.”

“ಯಾರಾದ್ರೇನು, ಆಟೋ ಕಂತು ಮುಂದಿನ ವಾರವೇ ಕಟ್ಟದು.”

ಕನ್ನಡಕ ಬಿಚ್ಚಿದ ಮೇಲೆ ಗುರುತು ಹತ್ತಿತು. ಕನ್ನಡಕದ ಗುರುತಿನಷ್ಟು ಜಾಗ ಮಾತ್ರ ಮುಖದ ಬಣ್ಣದಲ್ಲಿತ್ತು, ಮಿಕ್ಕಿದ್ದು ರಸ್ತೆ. ಅಂಕಮ್ಮ ಕೋಟನ್ನು ಎಳೆದು, ಜಗ್ಗಿ, ಒಳಗಿನ ಅಂಗಿಯನ್ನು ನೋಡಿದಳು. ಮದುವೆಯಾದಾಗಿನಿಂದ ಅವನ ಅಂಗಿ ಸಂಜೆ ಹೊತ್ತಿಗೆ ಬೆಳ್ಳಗಿದ್ದುದನ್ನು ಆಕೆ ಕಂಡಿರಲಿಲ್ಲ.

“ಬಟ್ಟೆ ಒಗ್ಯದು ತಪ್ಪುತ್ತಲ್ಲ. ನಂಗೂ ಒಂದ್ ಇಸ್ಕಬಾ,” ಅಂದಳು.

ಅಲ್ಲಿಗೆ ಸಂಘದ ವಿರೋಧ ಮುಗಿಯಿತು. ಹಾಲಿನ ಡೈರಿಗೆ ಹೋಗುವವರು ಕೇಳಿದರು. ಟೀಚರುಗಳು ಕೇಳಿದರು. ಮಕ್ಕಳಿಗೆ ರಹೀಮುನ್ನೀಸಾ ಸಣ್ಣ ಕೋಟು ಹೊಲಿದರು. ಬೆಳೆಯಲು ಬಿಟ್ಟ ಜಾಗ ಅಲ್ಲಿ ಸರಿಯಾಗಿಯೇ ಉಪಯೋಗಕ್ಕೆ ಬಂತು. ಆ ದಾರಿಯ ಒಂದು ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರೂ ಧೂಳುಗನ್ನಡಕದಲ್ಲೇ ಧಾರೆಗೆ ನಿಂತರು. ಫೋಟೋದವನು ನಗಿ ಅಂದಾಗ ಹಲ್ಲಿಗೆ ಧೂಳು ಹತ್ತುತ್ತದೆ ಎಂದು ಹಿರಿಯರು ಬೇಡವೆಂದರು.

ಆದರೆ ಪ್ರಾಧಿಕಾರಕ್ಕೆ ಹೊಸ ಚಿಂತೆ ಹತ್ತಿತು. ನೆಲ ಎಳೆಯುವ ಕೋಟುಗಳು ಪ್ರತಿ ಸಂಜೆ ಒಂದಿಷ್ಟು ಪಾರಂಪರಿಕ ಧೂಳನ್ನು ಮನೆಗೆ ಸಾಗಿಸುತ್ತಿದ್ದವು. ಇದು ಸಾರ್ವಜನಿಕ ಆಸ್ತಿ. ಹಾಗಾಗಿ ರಸ್ತೆಯ ಎರಡೂ ತುದಿಯಲ್ಲಿ ಕೊಡವುಕಟ್ಟೆಗಳನ್ನು ಕಟ್ಟಲಾಯಿತು. ಚಾಲಕರು ಕಟ್ಟೆಯ ಮೇಲೆ ಹತ್ತಿ, ಕೋಟು ಕೊಡವಿ, ಧೂಳನ್ನು ಇಲಾಖೆಗೆ ಮರಳಿಸಿ, ಚೀಟಿ ಪಡೆದು ಮನೆಗೆ ಹೋಗತಕ್ಕದ್ದು. ಕಟ್ಟೆಗಳ ಗುತ್ತಿಗೆ ಯತೀಶನಿಗೇ ಆಯಿತು. ಈ ಕಟ್ಟೆಗಳು ಕಣ್ಣಿಗೆ ಕಾಣುತ್ತಿದ್ದವು. ಧೂಳು ಪಾಲಕ ಎಂಬ ಹುದ್ದೆಗೆ ಕೆಂಪಯ್ಯ ಅರ್ಜಿ ಹಾಕಿ, ಅದನ್ನು ಗಿಟ್ಟಿಸಿಕೊಂಡು, ಟಮಾಟೆ ಬಿಟ್ಟು ಕಟ್ಟೆ ಪಕ್ಕದ ಕುರ್ಚಿಯಲ್ಲಿ ಕೂತ.

“ಸರ್ಯಾಗ್ ಕೊಡುವ್ಲಾ,” ಎಂದು ನಿನ್ನೆಯವರೆಗೆ ಜೊತೆಯಲ್ಲಿ ಬೀಡಿ ಸೇದಿದವನಿಗೆ ಹೇಳುತ್ತಿದ್ದ. “ಕಾಲರ್ ಒಳಗೆ ಯಾರಪ್ಪಂದು ಮಡಿಕಂಡಿದೀಯ?”

ಅಪಾಯವೆಂಬುದು ಆಮೇಲೆ ಬಂತು. ವರ್ಗವಾಗಿ ಬಂದ ಒಬ್ಬ ಎಂಜಿನಿಯರು ಸ್ಥಳದ ಪದ್ಧತಿ ತಿಳಿಯದೆ ಆ ರಸ್ತೆಯಲ್ಲಿ ಒಮ್ಮೆ ಪ್ರಯಾಣ ಮಾಡಿ, ಸೊಂಟ ಹಿಡಿದುಕೊಂಡು, ಡಾಂಬರು ಲಾರಿಯನ್ನೇ ಕಳಿಸಿಬಿಟ್ಟ. ಸುದ್ದಿ ತಿಳಿದು ನಯಾಜ್ ಪಾಷಾ ಸ್ಕೂಟರಿನಲ್ಲಿ ಹೊರಟರು. ಇನ್ನೂ ಸಾವಿರ ಕೋಟಿನ ಮಾತುಕತೆ ಆಗಿತ್ತು. ಡಾಂಬರು ಬಿದ್ದರೆ ಆ ಮಾತಿನ ಮೇಲೂ ಬಿದ್ದಂತೆ. ಏನಾದರೂ ಹೇಳಿ ಲಾರಿ ನಿಲ್ಲಿಸಬೇಕೆಂದು ದಾರಿಯುದ್ದ ಮಾತು ಜೋಡಿಸಿಕೊಂಡು ಬಂದರು.

ಹೇಳುವ ಪ್ರಮೇಯ ಬರಲಿಲ್ಲ. ಲಾರಿಯ ಮುಂದೆ ಊರೇ ನಿಂತಿತ್ತು, ಕೋಟು, ಟೋಪಿ, ಕನ್ನಡಕ ಸಮೇತ. ಎಲ್ಲರ ಮುಂದೆ ಅಂಕಮ್ಮ.

“ಡಾಂಬರ್ ಆಕ್ಬುಟ್ರೆ ಈ ಕ್ವಾಟೆಲ್ಲ ಏನ್ ಮಾಡದು ಸ್ವಾಮಿ? ಇವ್ರ್ ಕೆಲ್ಸ ಏನಾದದು?” ಎಂದು ಕುರ್ಚಿಯಲ್ಲಿದ್ದ ಗಂಡನತ್ತ ಕೈ ತೋರಿಸುತ್ತಿದ್ದಳು.

“ರಸ್ತೆ ಚೆನ್ನಾಗಿ ಆಗುತ್ತಲ್ಲಮ್ಮ,” ಅಂದ ಎಂಜಿನಿಯರು.

“ಚೆನ್ನಾಗಿರೋ ರಸ್ತೆ ಎಲ್ಲಾರ್ಗೂ ಇರ್ತದೆ ಬುಡಿ. ಇದು ಪರಂಪರೆ.”

ಎಂಜಿನಿಯರು ನಯಾಜ್ ಪಾಷಾರ ಕಡೆ ತಿರುಗಿ, “ನೀವಾದ್ರೂ ಹೇಳಿ ಸಾಹೇಬ್ರೇ,” ಎಂದ. ನಯಾಜ್ ಪಾಷಾ ಅವನ ಎದೆಯಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು, “ನಲವತ್ತು ಸೈಜ್ ಆಗುತ್ತೆ ಸಾರ್ ನಿಮಗೆ,” ಅಂದರು. ಲಾರಿ ಹಿಂದಕ್ಕೆ ಹೋಯಿತು. ಎಂಜಿನಿಯರಿಗೆ ಮರುದಿನವೇ ಕೋಟು ತಲುಪಿತು.

ಮಳವಳ್ಳಿಯ ಕಡೆಯವರಿಂದ ಮನವಿ ಬಂದದ್ದು ಇದಾದ ಮೇಲೆ. ತಮ್ಮ ಭಾಗದ ರಸ್ತೆಗೆ ಯಾರೋ ಅಜಾಗರೂಕತೆಯಿಂದ ನಿಜವಾಗಿಯೇ ಡಾಂಬರು ಹಾಕಿದ್ದಾರೆ, ಇದರಿಂದ ತಾವು ಪರಂಪರೆಯಿಂದ ವಂಚಿತರಾಗಿದ್ದೇವೆ, ಆದ್ದರಿಂದ ಧೂಳು ಮಂಜೂರು ಮಾಡಬೇಕು ಎಂದು ಅವರು ಕೋರಿದ್ದರು. ಮನವಿ ನ್ಯಾಯವಾಗಿತ್ತು. ಕೊಡವುಕಟ್ಟೆಗಳಲ್ಲಿ ಶೇಖರವಾದ ಧೂಳನ್ನು ಮೂಟೆ ಕಟ್ಟಿ ಮಳವಳ್ಳಿಗೆ ಸಾಗಿಸುವ ಟೆಂಡರು ಕರೆಯಲಾಯಿತು. ಮೂಟೆ ಹೊಲಿಯಲು ಮಷೀನು ಇದ್ದವರು ಒಬ್ಬರೇ ಆದ್ದರಿಂದ ಅದು ನಯಾಜ್ ಪಾಷಾ ಅವರಿಗಾಯಿತು.

ವರ್ಷದ ಕೊನೆಯ ಸಭೆ ಮಂಡ್ಯದಲ್ಲಿ ನಡೆಯಿತು. ಎಲ್ಲರೂ ಪೂರ್ಣ ಸಾರಥಿ ವಸ್ತ್ರದಲ್ಲಿ ಬಂದಿದ್ದರಿಂದ ಯಾರು ಯಾರೆಂದು ಕೇಳಿ ಕೇಳಿ ಕೂರಿಸಬೇಕಾಯಿತು. ಕುಸುಮ ಮೇಡಂ ಕೂಡ ಕೋಟಿನಲ್ಲೇ ಇದ್ದರು. ಅಶೋಕ್ ಎದ್ದು ವರ್ಷದ ಗಳಿಕೆಯನ್ನು ಓದಿದರು. ಹೆದ್ದಾರಿಯಿಂದ ಇಳಿದು ಬಂದ ಪ್ರವಾಸಿಗರು, ಒಂದು ಕುಟುಂಬ, ದಾರಿ ತಪ್ಪಿ. ಅವರು ಕೇಳಿದ ಪ್ರಶ್ನೆ, ವಾಪಸ್ ಹೋಗುವುದು ಹೇಗೆ. ಸಾರಥಿ ವಸ್ತ್ರ ಧರಿಸಿದವರು, ಎರಡು ಸಾವಿರಕ್ಕೆ ಮೇಲ್ಪಟ್ಟು. ಅವರಲ್ಲಿ ವಾಹನ ಇರುವವರು, ಸುಮಾರು ಅರ್ಧ. ಹೊಸ ಹುದ್ದೆ ಎಂಟು, ಕೊಡವುಕಟ್ಟೆ ಎರಡು, ಮಳವಳ್ಳಿಗೆ ರವಾನೆಯಾದ ಧೂಳು ನಾಲ್ಕು ಲಾರಿ.

“ನಾಲ್ಕು ಲಾರಿ ಹೋದ್ಮೇಲೆ ಇಲ್ಲಿ ಕಮ್ಮಿ ಆಗಿರಬೇಕಲ್ಲ?” ಎಂದು ಕುಸುಮ ಕೇಳಿದರು. ಕಾಗದ ಕಾಗದದ ಜೊತೆ ಜಗಳವಾಡಬಾರದು.

“ಇಲ್ಲ ಮೇಡಂ, ನಾನೇ ಅಳ್ದಿದೀನಿ,” ಎಂದ ಧೂಳು ಪಾಲಕ ಕೆಂಪಯ್ಯ. “ಎರಡ್ ಬೆರಳು ಜಾಸ್ತಿನೇ ಆಗೈತೆ.”

ಸಭೆ ಚಪ್ಪಾಳೆ ತಟ್ಟಿತು. ಕೈಗವಸುಗಳಿಂದ ಎದ್ದಿದ್ದು ಇಳಿಯುವವರೆಗೆ ಕಾದು, ವರ್ಷದ ನಿವ್ವಳ ಗಳಿಕೆ ಎಂಬ ಸಾಲಿನ ಮುಂದೆ “ಧೂಳು, ಎರಡು ಬೆರಳು” ಎಂದು ಬರೆದು, ಎಲ್ಲರೂ ಸಹಿ ಹಾಕಿದರು.